ಕೆಜಿಎಫ್ ಸೈನೈಡ್ ದಿಬ್ಬದ ಕೆಳಗೆ ನಾವು ಮಾಡಿದ ಕೆಲಸ

ನಾನು ಜಲಾನಯನ ಕೆಲಸ ಮಾಡಿಸೋನು, ಬದು, ಕಟ್ಟೆ, ಗಿಡ ನೆಡ್ಸೋದು ಇಂಥದ್ದು. ಕೆಜಿಎಫ್‌ನ ಒಂದು ಸೈನೈಡ್ ದಿಬ್ಬದ ಕೆಳಗಿರೋ ಹೊಲಗಳಿಗೆ, ಕೆರೆಗೆ ಅದರ ಪುಡಿ ಬರದಂಗೆ ತಡೆಯೋಕೆ ಏನೇನು ಮಾಡಿದ್ವಿ ಅಂತ ತುಂಬಾ ಜನ ಕೇಳ್ತಿರ್ತಾರೆ, ಅದಕ್ಕೇ ಬರೀತಿದೀನಿ.

1880ರಲ್ಲಿ ಜಾನ್ ಟೇಲರ್ ಕಂಪನಿಯವ್ರು ಶುರು ಮಾಡ್ದಾಗಿನಿಂದ 2001 ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ ಕಲ್ಲು ಅರೆದು ಚಿನ್ನ ತೆಗೆದು ಮಿಕ್ಕ ಪುಡೀನೆಲ್ಲ ಹೊರಗಡೆ ಸುರೀತಾ ಬಂದ್ರು. ಈಗ 13 ದಿಬ್ಬ ಇವೆ, 3 ಕೋಟಿ ಟನ್ನಿಗೂ ಜಾಸ್ತಿ ಪುಡಿ. ಪುಡಿಯಿಂದ ಚಿನ್ನ ಬಿಡಿಸೋಕೆ ಸೈನೈಡ್ ಬಳಸ್ತಿದ್ರು, ದಿಬ್ಬದ ಹೆಸರಲ್ಲೂ ಅದೇ ಇರೋದ್ರಿಂದ ಜನಕ್ಕೆ ಅದರದ್ದೇ ಭಯ, ಕೆಲಸಕ್ಕೆ ಬಂದ ಅಜ್ಜಿಯೊಬ್ರು "ಏನಪ್ಪಾ, ಈ ಮಣ್ಣು ಮುಟ್ಟಿದ್ರೆ ಏನೂ ಆಗಲ್ವಾ" ಅಂತ ಕೇಳಿದ್ರು. ಮೇಲಿನ ಪುಡೀಲಿರೋ ಸೈನೈಡು ಬಿಸಿಲು ಗಾಳಿಗೆ ಬಿದ್ದು ಕಾಲ ಕಳೆದಂಗೆ ಬಹಳಷ್ಟು ಒಡೆದು ಹೋಗುತ್ತೆ ಅಮ್ಮಾ, ಆದ್ರೆ ಈ ಧೂಳು ಎದೆಗೆ ಇಳೀಬಾರ್ದು, ಮುಖಕ್ಕೆ ಒದ್ದೆ ಬಟ್ಟೆ ಅಲ್ಲ, ಈ ಮಾಸ್ಕೇ ಕಟ್ಕೊಳ್ಳಿ ಅಂದೆ. ಯಾಕಂದ್ರೆ ಅದು ಮೈದಾ ಹಿಟ್ಟಿನಷ್ಟು ನುಣ್ಣಗಿರೋ ಬೆಣಚುಕಲ್ಲಿನ ಪುಡಿ, ಸಿಲಿಕಾ. ಗಣೀಲಿ ದುಡಿದ ಎಷ್ಟೋ ಜನರ ಶ್ವಾಸಕೋಶ ಹಾಳು ಮಾಡಿದ್ದು ಅದೇ. ಇನ್ನೊಂದು ಆರ್ಸೆನಿಕ್ ಅನ್ನೋ ವಿಷ, ಇಲ್ಲಿನ ಅದಿರಲ್ಲೇ ಇರೋದು, ಬಿಸಿಲಿಗೆ ಹೋಗೋ ವಸ್ತು ಅಲ್ಲ.

ಆಷಾಢದ ಗಾಳಿ ಎದ್ರೆ ದಿಬ್ಬದ ಮೇಲಿಂದ ಬಿಳೀ ಹೊಗೆ ಥರ ಏಳುತ್ತೆ. ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ಒಂದು ಎಲೆ ಕಿತ್ತು ಬೆರಳಲ್ಲಿ ಸವರಿದ್ರೆ ಬೂದಿ ಬಣ್ಣದ ಗೆರೆ ಮೂಡ್ತಿತ್ತು, ಆ ಸೊಪ್ಪು ಹಾಕಿದ್ರೆ ರೇಷ್ಮೆ ಹುಳು ಸರಿಯಾಗಿ ಮೇಯಲ್ಲ, ತೊಳೆದು ಒಣಗಿಸಿ ಹಾಕೋ ಅಷ್ಟರಲ್ಲಿ ಸೊಪ್ಪು ಬಾಡಿರುತ್ತೆ. ಹುಳ ಸಾಕೋರ ಸಂಕಟ ನೋಡಿದ ಮೇಲೇ ನಾವು ಗಾಳಿ ತಡೆಯೋ ಕೆಲಸ ಮೊದಲು ಹಿಡಿದಿದ್ದು.

ದಿಬ್ಬದ ಮೇಲೆ ಕೈ ಹಾಕಲಿಲ್ಲ. ಅದರಲ್ಲಿ ಇನ್ನೂ ಚಿನ್ನ ಇದೆ, ಅದನ್ನ ತೆಗೆಯೋಕೆ ಟೆಂಡರ್ ಕರೀಬೇಕು ಅನ್ನೋ ಕೇಂದ್ರದ ಪ್ರಸ್ತಾಪಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆನೂ ಕೊಟ್ಟಾಗಿದೆ. ಅದೂ ಅಲ್ದೆ ಗಣಿಗೆ ಇಳಿಯೋ ಶಾಫ್ಟು, ಬಂಗಲೆ, ಕಾರ್ಮಿಕರ ಲೈನ್ ಮನೆಗಳ ಜೊತೆ ಈ ದಿಬ್ಬಗಳೂ ಈ ಊರಿನ ಗುರುತೇ, ಜೆಸಿಬಿ ತಂದು ಸಮ ಮಾಡೋದು ನನಗೆ ಒಪ್ಪಿಗೆ ಇಲ್ಲ, ಮೇಲಿನ ಗಟ್ಟಿ ಪದರ ಒಡೆದ್ರೆ ಧೂಳು ಇನ್ನೂ ಜಾಸ್ತಿ ಏಳುತ್ತೆ.

ಬುಡದಲ್ಲಿ ಗಾಳಿಗೆ ಅಡ್ಡಡ್ಡಕ್ಕೆ ಬಳ್ಳಾರಿ ಜಾಲಿ ಕೊಂಬೆ ಕಡಿದು ಬೇಲಿ ಕಟ್ಟಿದ್ವಿ. ಬೇಲಿ ಹಿಂದೆ ಪುಡಿ ನಿಂತ್ಕೊಳ್ತು, ಅದರ ಮರೇಲಿ ಲಾವಂಚ ಒತ್ತೊತ್ತಾಗಿ ಸಾಲು ನೆಟ್ವಿ, ಆಮೇಲೆ ಕತ್ತಾಳೆ, ಹೊಂಗೆ. ಬರೀ ಪುಡೀಲಿ ಯಾವ ಗಿಡವೂ ಹತ್ತಲ್ಲ, ಸತ್ವನೇ ಇಲ್ಲ ಅದರಲ್ಲಿ, ಗುಂಡೀಗೆ ಕೆರೆ ಗೋಡು (ಕೆರೆ ತಳದ ಫಲವತ್ತಾದ ಮಣ್ಣು), ಕೊಟ್ಟಿಗೆ ಗೊಬ್ಬರ ತುಂಬಿ ಮಳೆ ಹಿಡಿದ ಮೇಲೇ ನೆಡಬೇಕು. ಕೆಂಪು-ಹಳದಿ ಕಲೆ ಇರೋ ಕಡೆ ಮಣ್ಣು ಹುಳಿಯಾಗಿರುತ್ತೆ, ಅಲ್ಲಿಗೆ ಸುಣ್ಣ ಬೇಕು. ದನಕ್ಕೆ ಹಾಕೋ ಹುಲ್ಲು ಮಾತ್ರ ಬೇಡವೇ ಬೇಡ ಅಂದ್ವಿ, ಕೆಲವರಿಗೆ ಬೇಜಾರಾಯ್ತು, ಆದ್ರೆ ಆರ್ಸೆನಿಕ್ ಹುಲ್ಲಿಂದ ಹಾಲಿಗೆ ಬರೋ ದಾರಿ ನಾವೇ ಮಾಡಿಕೊಡೋದು ಸರಿಯಲ್ಲ.

ಮಳೆ ನೀರಿಗೆ ಬುಡದಲ್ಲೇ ಹೂತು ಹೋಗಿದ್ದ ಹಳೇ ಕಲ್ಲು ಚರಂಡಿನ ಬಿಡಿಸಿದ್ವಿ, ಒಂದು ಕಲ್ಲೂ ಕದಲಿಸ್ದೆ, ಕೈ ಗುದ್ದಲೀಲಿ. ಚರಂಡಿ ಕೊನೇಲಿ ಒಂದರ ಕೆಳಗೊಂದು ಹೂಳಿನ ಗುಂಡಿ ತೆಗೆದ್ವಿ, ರಾಡಿ ಅಲ್ಲಿ ತಂಗಿ ಮೇಲಿನ ತಿಳಿ ನೀರಷ್ಟೇ ಮುಂದಕ್ಕೆ ಹೋಗುತ್ತೆ. ನೀರಲ್ಲಿ ಕರಗಿರೋದನ್ನ ಗುಂಡಿ ತಡೆಯಲ್ಲ, ಹಂಗಾಗಿ ಕೆರೆ ನೀರನ್ನ ಪ್ರತಿ ವರ್ಷ ಲ್ಯಾಬಿಗೆ ಕಳಿಸ್ತೀವಿ.

ಈ ಕೆಲಸಕ್ಕೆ ಇಳಿಯೋರಿಗೆ ಒಂದು ಮಾತು, ಗುಂಡೀಲಿ ತುಂಬಿದ ಹೂಳನ್ನ ಗೋಡು ಅಂದ್ಕೊಂಡು ರೈತರು ಟ್ರಾಕ್ಟರ್ ತಂದು ಕೇಳ್ತಾರೆ, ಕೊಡಬೇಡಿ, ಅದೂ ದಿಬ್ಬದ ಪುಡೀನೇ. ನಾವು ಅದನ್ನ ಒದ್ದೆ ಇದ್ದಾಗಲೇ ವಾಪಸ್ ದಿಬ್ಬದ ಬುಡಕ್ಕೆ ಹಾಕಿ ಮೇಲೆ ಒಳ್ಳೇ ಮಣ್ಣು ಮುಚ್ತೀವಿ. ಟೆಂಡರ್ ಹಿಡಿದೋರು ಅಗೆಯೋಕೆ ಬಂದಾಗ್ಲೂ ಈ ಚರಂಡಿ, ಗುಂಡಿ, ಲಾವಂಚದ ಸಾಲು ಉಳಿಸ್ಬೇಕು ಅನ್ನೋ ಷರತ್ತನ್ನ ಪಂಚಾಯ್ತಿಯವ್ರು ಈಗಲೇ ಬರವಣಿಗೇಲಿ ಕೇಳಬೇಕು.