ಕಿಲುಬಿನ ಹಸಿರಿಗೆ ಕೇಸರಿ

ಮೂರನೇ ಮಳೆಗಾಲವೂ ಕಳೆಯಿತು. ನಾನು ಚಿತ್ರ ಬರೆದ ಹಾಳೆಯ ಹಿಂಬದಿ ಇನ್ನೂ ಕಂದು ತಿರುಗಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಹೋದ ವರ್ಷವೇ ಬರಿ ಅಂತ ಇಬ್ಬರು ಮೂವರು ಹೇಳಿದ್ದರು. ಆದರೆ ಒಮ್ಮೆ ಕೈ ಸುಟ್ಟುಕೊಂಡವನು ನಾನು, ಇನ್ನೊಂದು ಮಳೆ ನೋಡೋಣ ಅಂತ ಸುಮ್ಮನಿದ್ದೆ.

ವಿಷಯ ಇಷ್ಟೇ. ಫಿರ್ದೌಸಿ ಬರೆದ ಪಾರಸಿ ಮಹಾಕಾವ್ಯ ಶಾಹನಾಮೆಯ ಒಂದು ಪ್ರಸಂಗವನ್ನು, ಇರಾನಿನ ತಬ್ರೀಜ್ ಊರಿನ ಹಳೇ ರೀತಿಯಲ್ಲಿ, ತಾಮ್ರದ ಕಿಲುಬಿನ ಹಸಿರಿನಲ್ಲೇ ಬರೆದೆ. ಪಾರಸಿಯಲ್ಲಿ ಅದು ಜಂಗಾರ್. ಆ ಬಣ್ಣ ಕಾಗದವನ್ನು ತಿನ್ನುತ್ತದೆ ಅಂತ ಈ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತು. ನನ್ನ ಹಾಳೆಯನ್ನು ತಿಂದಿಲ್ಲ.

ನಾನು ಮೂಲತಃ ಮೈಸೂರು ಸಂಪ್ರದಾಯದವನು. ಗಂಜೀಫಾ ಅಂದರೆ ಹಳೇ ಕಾಲದ ಇಸ್ಪೀಟು, ಅದರ ಎಲೆಗಳನ್ನೂ ಬರೆಯುತ್ತೇನೆ. ಗಂಜೀಫಾ ಅನ್ನೋ ಮಾತೇ ಇರಾನಿನ ಕಡೆಯದು, ಆ ದಾರಿ ಹಿಡಿದೇ ಶಾಹನಾಮೆಗೆ ಹೋದೆ. ತಲೆ ಕೆಡಿಸಿದ್ದು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಅಪೂರ್ಣ ಚಿತ್ರ. ಶಾಹನಾಮೆಯ ವೀರ ರುಸ್ತುಮ್ ಮಲಗಿದ್ದಾನೆ, ಅವನ ಕುದುರೆ ರಖ್ಶ್ ಸಿಂಹದ ಜೊತೆ ಕಾದಾಡುತ್ತಿದೆ. ಹದಿನಾರನೇ ಶತಮಾನದ ಮೊದಲ ಭಾಗದ್ದು, ಸುಲ್ತಾನ್ ಮುಹಮ್ಮದ್ ಅನ್ನೋ ಚಿತ್ರಕಾರನ ಕೈಚಳಕ ಅಂತ ಬಲ್ಲವರು ಹೇಳುತ್ತಾರೆ. ತಬ್ರೀಜಿನಲ್ಲಿ ಇರಾನಿನ ದೊರೆ ಶಾಹ್ ತಹ್ಮಾಸ್ಪನಿಗಾಗಿ ತಯಾರಾದ, 258 ಚಿತ್ರಗಳ ದೊಡ್ಡ ಶಾಹನಾಮೆಯಲ್ಲೂ ಕೆಲಸ ಮಾಡಿದವನು ಅವನು. ಈ ಚಿತ್ರದಲ್ಲಿ ಎಲೆ, ಹುಲ್ಲು, ಪೊದೆ ಒಂದರ ಮೇಲೊಂದು ಬಿದ್ದು ಉಸಿರು ಕಟ್ಟುವಷ್ಟು ಹಸಿರು. ಫಿರ್ದೌಸಿಯ ಕಥೆಯಲ್ಲಿ ಎದ್ದ ರುಸ್ತುಮ್ ಕುದುರೆಯನ್ನು ಹೊಗಳುವುದಿಲ್ಲ, ಬೈಯುತ್ತಾನೆ. ನೀನು ಸತ್ತಿದ್ದರೆ ಈ ಗದೆ, ಈ ಕವಚ ಹೊತ್ತು ಮಾಜಂದರಾನ್‌ವರೆಗೆ ನಾನು ಹೇಗೆ ಹೋಗಬೇಕಿತ್ತು ಅಂತ. ನನಗೆ ಆ ಬೈಗುಳ ತುಂಬಾ ಇಷ್ಟ.

ಟ್ಯೂಬಿನ ಹಸಿರು ಹಾಕಿ ಮುಗಿಸಬಹುದಿತ್ತು. ಹಾಕಿಯೂ ನೋಡಿದೆ. ವಿರಿಡಿಯನ್ ಹಾಕಿದರೆ ಕಾಡು ಆಸ್ಪತ್ರೆ ಗೋಡೆಯ ಹಾಗೆ ಕಾಣುತ್ತದೆ. ಮಲಕೈಟ್ ಕಲ್ಲು ಅರೆದರೆ ನುಣ್ಣಗಾದಷ್ಟೂ ಪೇಲವ, ತರಿ ಬಿಟ್ಟರೆ ಎಲೆಯ ತುದಿಗೆ ಕುಂಚ ಎಳೆಯೋಕೆ ಆಗಲ್ಲ. ನೀಲಿ ಮೇಲೆ ಹಳದಿ ಹರಿದಾಳ ಹಾಕಿದ ಹಸಿರು ಚೆನ್ನಾಗಿದೆ, ಆದರೆ ಅದು ಗಿಳಿಯ ಹಸಿರು. ಆ ಒದ್ದೆಯಾದ, ಒಳಗಿನಿಂದ ಹೊಳೆಯುವ ಹಸಿರು ಜಂಗಾರಕ್ಕೆ ಮಾತ್ರ ಬರುತ್ತದೆ.

2018ರ ಸುಮಾರಿಗೆ ಮೊದಲನೆಯದನ್ನು ಬರೆದೆ, ಬರೀ ಜಂಗಾರ ಮತ್ತು ಗೋಂದು. ಬೆಂಗಳೂರಿನ ಒಬ್ಬರು ನಲವತ್ತು ಸಾವಿರ ಕೊಟ್ಟು ಕೊಂಡರು. ಬೀಗಿದೆ. ಎರಡು ಮಳೆಗಾಲ ಕಳೆದ ಮೇಲೆ ಅವರೇ ಕಾರಿನಲ್ಲಿ ತಂದು ಮೇಜಿನ ಮೇಲಿಟ್ಟರು. ಮುಂದೆ ನೋಡಿದರೆ ಏನೂ ಆಗಿಲ್ಲ. ತಿರುಗಿಸಿದರೆ ಕಾಡಿಗೆ ಕಾಡೇ ಕಂದು ನೆರಳಾಗಿ ಹಿಂಬದಿಗೆ ಇಳಿದಿದೆ, ದೋಸೆಯ ತಳ ಸೀದ ಹಾಗೆ. ಅದಕ್ಕಿಂತ ಕೆಟ್ಟದ್ದು ಅಂಚುಗೆರೆಯದು. ಪದ್ಯ ಬರೆದ ಚೌಕದ ಸುತ್ತ ಎಳೆಯುವ ಜದ್ವಲ್‌ನಲ್ಲಿ ಒಂದು ಗೆರೆ ಹಸಿರು ಹಾಕಿದ್ದೆನಲ್ಲ, ಆ ಗೆರೆಯ ಉದ್ದಕ್ಕೂ ಕಾಗದ ಬ್ಲೇಡಿನಲ್ಲಿ ಕೊಯ್ದಂತೆ ಬಿಟ್ಟುಕೊಂಡಿತ್ತು. ಹಾಳೆ ಎತ್ತಿದಾಗ ನಾಲ್ಕು ಬೈತುಗಳ, ಅಂದರೆ ದ್ವಿಪದಿಗಳ ಚೌಕ ಒಂದೇ ಮೂಲೆಯಲ್ಲಿ ಜೋತಾಡಿತು. ಆ ಬರಹ ಬೀದರಿನ ಕಡೆಯ ಒಬ್ಬ ಹಿರಿಯ ಕಾತಿಬರದು, ಅಂದರೆ ಲಿಪಿಕಾರರದು. ಆರು ಸಾವಿರ ಕೊಟ್ಟಿದ್ದೆ, ಹಣಕ್ಕಿಂತ ಅವರ ಮುಖ ನೆನೆದು ಹೊಟ್ಟೆ ಕಿವುಚಿತು. ನಲವತ್ತು ಸಾವಿರವನ್ನು ಮೂರು ಕಂತಿನಲ್ಲಿ ವಾಪಸ್ ಕೊಟ್ಟೆ.

ಸಮಾಧಾನಕ್ಕೆ ಹೇಳುವುದಾದರೆ ಹಳೇ ಉಸ್ತಾದರಿಗೂ ಇದೇ ಆಗಿದೆ. ಹಸಿರು ಜದ್ವಲ್ ಸುಟ್ಟು ನಡುವಿನ ಪದ್ಯದ ಭಾಗವೇ ಕಳಚಿಬಿದ್ದ ಹಾಳೆಗಳು ಎಷ್ಟೋ ಇವೆ. ಆದರೆ ಅದೇ ಕಾಲದ, ಅದೇ ಹಸಿರಿನ ಇನ್ನು ಕೆಲವು ಹಾಳೆಗಳು ಐನೂರು ವರ್ಷ ಕಳೆದರೂ ಗಟ್ಟಿಯಾಗಿವೆ. ಯಾಕೆ?

ಇದನ್ನೇ ನನಗೆ ಚಿನ್ನದ ರೇಕಿನ ಕೆಲಸ ಕಲಿಸಿದ ಮೇಷ್ಟ್ರಿಗೆ ಕೇಳಿದೆ. "ಏನಯ್ಯ, ತಾಮ್ರದ ಚೊಂಬಿನಲ್ಲಿ ಮಜ್ಜಿಗೆ ಇಡಬಾರದು ಅಂತ ಅಜ್ಜಿಗೇ ಗೊತ್ತು. ನೀನು ಅದನ್ನೇ ಕಾಗದಕ್ಕೆ ಹಚ್ಚುತ್ತೀಯಾ?" ಅಂದರು. ಮಾತು ಸರಿಯೇ. ಕಾಗದ ದುರಸ್ತಿ ಮಾಡುವ ಇನ್ನೊಬ್ಬರು, ಇದು ಬಣ್ಣವಲ್ಲ, ನಿಧಾನವಾಗಿ ಉರಿಯುವ ಬೆಂಕಿ, ಬಿಟ್ಟುಬಿಡಿ ಅಂದರು. ಆದರೆ ಹಳೇ ಪಾರಸಿ ಕೈಪಿಡಿಗಳಲ್ಲಿ ಜಂಗಾರಕ್ಕೆ ಕೇಸರಿ ಬೆರೆಸುವ ಮಾತು ಬರುತ್ತದೆ. ಪಿಸ್ತಾ ಬಣ್ಣಕ್ಕಾಗಿ ಅಂತ ಎಲ್ಲರೂ ಓದಿಕೊಳ್ಳುತ್ತಾರೆ, ನಾನೂ ಹಾಗೇ ಓದಿದ್ದೆ. ಕಾಗದ ಸಂರಕ್ಷಣೆಯವರು ಪ್ರಯೋಗಶಾಲೆಯಲ್ಲಿ ನೋಡಿ, ಕೇಸರಿ ಆ ಸುಡುವಿಕೆಯನ್ನು ತಡೆಯುತ್ತದೆ ಅಂತ ತೋರಿಸಿದ್ದಾರೆಂದು ಆಮೇಲೆ ತಿಳಿಯಿತು. ಮೇಷ್ಟ್ರು ನಕ್ಕರು. ಮನೆಯವಳು ನಗಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತೆ. ಪಾಯಸಕ್ಕೆ ಎರಡು ಎಳೆ ಹಾಕೋಕೆ ಲೆಕ್ಕ ಮಾಡ್ತೀರಿ" ಅಂದಳು.

ಜಂಗಾರ ಮಾಡೋದು ಸುಲಭ. ತಾಮ್ರದ ಪಾತ್ರೆ ಅಂಗಡಿಯಲ್ಲಿ ಬಿದ್ದಿರುವ ತಗಡಿನ ಚೂರು ತಂದೆ, ಉಪ್ಪುಕಾಗದದಲ್ಲಿ ಉಜ್ಜಿದೆ, ಉಪ್ಪಿನಕಾಯಿ ಭರಣಿಯ ತಳದಲ್ಲಿ ಎರಡು ಬೆರಳು ವಿನೆಗರ್ ಹಾಕಿ, ಅದಕ್ಕೆ ತಾಗದ ಹಾಗೆ ದಾರದಲ್ಲಿ ತೂಗುಬಿಟ್ಟು ಬಾಯಿಗೆ ಮೈದಾ ಮೆತ್ತಿದೆ. ಮೂರು ವಾರಕ್ಕೆ ನೀಲಿ ಹಸಿರು ಹಕ್ಕಳೆ. ಅಂಗೈಯಗಲದ ನಾಲ್ಕು ತಗಡಿನಿಂದ ಒಂದು ಸಲಕ್ಕೆ ಮೂರು, ನಾಲ್ಕು ಗ್ರಾಂ ಸಿಗಬಹುದು. ಕೆರೆಯುವಾಗ ಮೂಗಿಗೆ ಬಟ್ಟೆ ಇರಲಿ, ಇದು ವಿಷ. ಭರಣಿ ಮತ್ತೆ ಅಡುಗೆಮನೆಗೆ ಹೋಗಬಾರದು. ನಡುವೆ ಜಾಣತನ ಮಾಡಿ ವಿನೆಗರ್ ಬದಲು ಹುಣಸೆಹಣ್ಣಿನ ರಸದಲ್ಲಿ ನೋಡಿದೆ, ಪಾತ್ರೆ ಬೆಳಗೋದು ಅದರಲ್ಲೇ ತಾನೇ ಅಂತ. ಹದಿನೈದು ದಿನಕ್ಕೆ ಬೂಸ್ಟು ಹಿಡಿದ ಗೊಜ್ಜಾಯಿತು. ತಾಮ್ರ ಮಾತ್ರ ಫಳಫಳ.

ಪರೀಕ್ಷೆ ಹೇಗೆ ಮಾಡೋದು? ಐನೂರು ವರ್ಷ ಕಾಯೋಕಾಗಲ್ಲ. ನಮ್ಮ ಬಚ್ಚಲಲ್ಲಿ ಇನ್ನೂ ಸೌದೆ ಒಲೆಯ ಹಂಡೆ ಇದೆ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಹಬೆ, ಬಿಸಿ, ಹೊಗೆ. ಹಂಡೆಯ ಮೇಲೆ ಬಟ್ಟೆ ಒಣಗಿಸುವ ದಾರ ಕಟ್ಟಿ ನಲವತ್ತರ ಹತ್ತಿರ ಕಾಗದದ ಪಟ್ಟಿ ಸಿಕ್ಕಿಸಿದೆ. ಎಂಟು ಬರೀ ಜಂಗಾರ, ಎಂಟು ಸುಣ್ಣದ ತಿಳಿ ಬೆರೆಸಿದ್ದು, ಎಂಟು ಅರಿಶಿನದ್ದು (ಕೇಸರಿ ಯಾಕೆ, ಅರಿಶಿನ ಸಾಕು ಅಂತ ಒಬ್ಬ ಗೆಳೆಯ ಹಟ ಹಿಡಿದಿದ್ದ), ಉಳಿದವು ಬೇರೆ ಬೇರೆ ಪ್ರಮಾಣದ ಕೇಸರಿಯವು. ಸ್ನಾನಕ್ಕೆ ಹೋದವರೆಲ್ಲ ಬೈದರು.

ನಾಲ್ಕು ತಿಂಗಳಿಗೆ ಬರೀ ಜಂಗಾರದ ಪಟ್ಟಿಯ ಬೆನ್ನು ಕಾಫಿ ಬಣ್ಣಕ್ಕೆ ಬಂತು. ಮಡಿಸಿದರೆ ಹಪ್ಪಳದ ಹಾಗೆ ಟಕ್ಕನೆ ಮುರಿಯಿತು. ಅರಿಶಿನದ್ದೂ ಮುರಿಯಿತು, ಒಂದು ತಿಂಗಳು ತಡವಾಗಿ ಅಷ್ಟೇ. ಸುಣ್ಣದ್ದು ಮುರಿಯಲಿಲ್ಲ, ಆದರೆ ಹಸಿರು ಹೋಗಿ ಯಾವುದೋ ಬೂದು ನೀಲಿ. ಕೇಸರಿ ಕಡಿಮೆ ಇದ್ದವು ಅರ್ಧಂಬರ್ಧ. ಸರಿಯಾಗಿ ಬಿದ್ದ ಆರು ಪಟ್ಟಿಗಳನ್ನು ವರ್ಷದ ಮೇಲೆ ಇಳಿಸಿ ಬೆರಳಿಗೆ ಸುತ್ತಿದೆ. ಸುತ್ತಿಕೊಂಡವು. ಆ ರಾತ್ರಿ ಮೇಷ್ಟ್ರಿಗೆ ಫೋನ್ ಮಾಡಿದೆ. "ಹಂಡೆ ನಂಬಬೇಡ, ಮಳೆಗಾಲ ನಂಬು" ಅಂದರು.

ಪ್ರಮಾಣ ಎಷ್ಟು ಅಂತ ಕೇಳುತ್ತೀರಿ. ಹೇಳಲ್ಲ. ಅದಕ್ಕೆ ಮೂರು ವರ್ಷ ಕೊಟ್ಟಿದ್ದೇನೆ. ಸುಳಿವು ಬೇಕಾದರೆ ಇಷ್ಟು: ಹಸಿರು ಹಸಿರಾಗಿ ಕಾಣುವುದಕ್ಕೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿಯೇ ಬೇಕು. ಗೋಂದಿಗೆ ಮೊದಲು ಹಾಕುವುದಕ್ಕೂ ಆಮೇಲೆ ಹಾಕುವುದಕ್ಕೂ ಅಜಗಜಾಂತರ ಇದೆ. ಕೇಸರಿ ಅಸಲಿ ಇರಲಿ. ಒಂದು ಸಲ ಬಣ್ಣ ಹಾಕಿದ ಮುಸುಕಿನ ಜೋಳದ ನಾರು ಗಂಟುಬಿದ್ದು ಎಂಟು ಪಟ್ಟಿ ಹಾಳಾದವು.

ಕಾಗದದ ಬಗ್ಗೆ ಒಂದು ಮಾತು. ಕಾಗದ ಬಣ್ಣ ಹೀರದಿರಲಿ ಅಂತ ಹಚ್ಚುವ ಲೇಪ, ಆಹಾರ್, ಎಲ್ಲರೂ ಹಾಕುತ್ತೀರಿ: ಗಂಜಿ, ಇಸಬಗೋಲಿನ ಲೋಳೆ, ಪಟಿಕ. ಆ ಪಟಿಕದ ಕೈ ಹಗುರ ಮಾಡಿ. ನನ್ನ ಮೊದಲ ಹಾಳೆ ಅಷ್ಟು ಬೇಗ ಸುಟ್ಟದ್ದರಲ್ಲಿ ಅರ್ಧ ತಪ್ಪು ಪಟಿಕದ್ದು ಅಂತ ಈಗ ಅನ್ನಿಸುತ್ತದೆ. ಈ ಸಲ ಅದನ್ನು ಬಿಟ್ಟೇಬಿಟ್ಟೆ, ಬದಲಿಗೆ ಅಕೀಕಿನ ಕಲ್ಲಿನಲ್ಲಿ ಉಜ್ಜಿದೆ. ನಾಲ್ಕು ದಿನ, ದಿನಕ್ಕೆ ಎರಡು ಗಂಟೆ. ಭುಜ ಹೋಯಿತು. ಹಾಳೆ ಮಾತ್ರ ಬಾಳೆ ಎಲೆಯ ಬೆನ್ನಿನಷ್ಟು ನುಣುಪು, ಕುಂಚ ಜಾರುತ್ತದೆ.

ಕುಂಚ ಪಕ್ಕದ ಮನೆ ಬೆಕ್ಕಿನದು. ಹೆದರಬೇಡಿ, ಕತ್ತಿನ ಹಿಂದಿನ ಒಂದು ಚಿಟಿಕೆ ಕೂದಲು, ಅದು ಮಲಗಿದ್ದಾಗ. ಪಾರಿವಾಳದ ಗರಿಯ ಕೊಳವೆಗೆ ತೂರಿಸಿದೆ. ಸಿಂಹದ ಮೀಸೆಗೆ ಅಂಗಡಿಯ ಯಾವ ಕುಂಚವೂ ಹೀಗೆ ಗೆರೆ ಕೊಡಲ್ಲ.

ಅಭ್ಯಾಸಬಲ ಅನ್ನೋದು ಕೆಟ್ಟದ್ದು. ರುಸ್ತುಮನ ಶಿರಸ್ತ್ರಾಣಕ್ಕೆ ಬಂದಾಗ ಕೈ ತಾನಾಗೇ ಮೈಸೂರು ಚಿತ್ರದ ಉಬ್ಬು ಕೆಲಸದ ಲೇಪ, ಮಕ್ಕಿ ಸಫೇದದ ಬಟ್ಟಲಿಗೆ ಹೋಯಿತು, ಗೆಸ್ಸೋ ಎಬ್ಬಿಸಿ ರೇಕು ಕೂರಿಸಿಬಿಟ್ಟೆ. ಚಾಮುಂಡೇಶ್ವರಿಯ ಕಿರೀಟ ಹಾಕಿಕೊಂಡ ರುಸ್ತುಮ್! ಚೆನ್ನಾಗೇ ಕಾಣುತ್ತಿತ್ತು, ಸುಳ್ಳು ಹೇಳಲ್ಲ. ಆದರೆ ನಮ್ಮ ಚಿತ್ರ ಹಲಗೆಯ ಮೇಲೆ ಗೋಡೆಗೆ ನಿಲ್ಲುತ್ತದೆ, ಇದು ಪುಸ್ತಕದ ಹಾಳೆ, ಬಾಗುತ್ತದೆ. ಎರಡನೇ ಸಲ ಹಾಳೆ ಎತ್ತಿದಾಗ ಕಿರೀಟ ಉದುರಿತು. ಪಾರಸಿ ಚಿತ್ರದಲ್ಲಿ ಚಿನ್ನ ಹಚ್ಚುವುದು ಬಣ್ಣದ ಹಾಗೆ: ರೇಕನ್ನು ಗೋಂದಿನಲ್ಲಿ ಪಿಂಗಾಣಿ ತಟ್ಟೆಯ ಮೇಲೆ ಬೆರಳಲ್ಲಿ ತಿಕ್ಕಿ ತಿಕ್ಕಿ, ತೊಳೆದು, ತಳ ಕೂತದ್ದನ್ನು ಕುಂಚದಲ್ಲಿ ತೆಗೆದು ಹಚ್ಚಿ, ಒಣಗಿದ ಮೇಲೆ ಕಲ್ಲಿನಿಂದ ಮೆರುಗು ಕೊಡಬೇಕು. ಆಕಾಶ ಪೂರ್ತಿ ಚಿನ್ನ ಅಂದುಕೊಂಡಿದ್ದೆ. ಐವತ್ತು ರೇಕಿಗೆ ಮೂರು ಬೆರಳಗಲ ಆಕಾಶ ಆಯಿತು. ಉಳಿದದ್ದಕ್ಕೆ ಬೆಟ್ಟವನ್ನು ಮೇಲಕ್ಕೆ ಏರಿಸಿದೆ.

ತೊರೆಗೆ ಬೆಳ್ಳಿ ಹಾಕುವುದು ಪಾರಸಿ ಉಸ್ತಾದರ ಪದ್ಧತಿ. ಈಗ ಆ ತೊರೆಗಳೆಲ್ಲ ಕಪ್ಪಾಗಿ ಚರಂಡಿಯ ಹಾಗೆ ಕಾಣುತ್ತವೆ. ಕಪ್ಪಾಗದ ಬೆಳ್ಳಿ ಮಾಡುತ್ತೇನೆ ಅಂತ ಹೊರಟು ಮೊಟ್ಟೆಯ ಬಿಳಿ, ಬೆಳ್ಳುಳ್ಳಿ ರಸ, ಎರಡು ಪದರ ಗೋಂದು ಎಲ್ಲ ಮೇಲೆ ಸವರಿದೆ. ಹಂಡೆಯ ಹೊಗೆಗೆ ಹತ್ತೇ ದಿನ. ಬೆಳ್ಳುಳ್ಳಿಯದಂತೂ ಎಲ್ಲಕ್ಕಿಂತ ಮೊದಲು ಕಪ್ಪಾಯಿತು. ಎರಡು ಸಾವಿರ ಅದಕ್ಕೆ ಹೋಯಿತು. ಕೊನೆಗೆ ತವರದ ಪುಡಿ ಹಾಕಿ ಕೈತೊಳೆದುಕೊಂಡೆ. ಸ್ವಲ್ಪ ಮಂಕು, ಆದರೆ ನೀರೇ.

ಕುದುರೆ ಮಾತ್ರ ಸೋತೆ. ರಖ್ಶ್‌ನ ಮೈ ಹೇಗಿತ್ತು ಅಂತ ಫಿರ್ದೌಸಿ ಹೇಳಿಯೇ ಇದ್ದಾನೆ, ಕೇಸರಿಯ ಮೇಲೆ ಕೆಂಗುಲಾಬಿಯ ಮಚ್ಚೆಗಳ ಹಾಗೆ. ಕೇಸರಿ ಹೇಗೂ ಬಟ್ಟಲಲ್ಲಿದೆಯಲ್ಲ ಅಂತ ಮೈಗೆಲ್ಲ ಬರೀ ಕೇಸರಿ ನೀರನ್ನೇ ಮೂರು ಪದರ ಕೊಟ್ಟು, ಮೇಲೆ ಅರಗಿನ ಕೆಂಪಿನಿಂದ ಮಚ್ಚೆ ಇಟ್ಟೆ. ಒಂದು ವಾರ ಕಣ್ಣು ಕೀಳೋಕಾಗಲಿಲ್ಲ. ಕಿಟಕಿ ಬೆಳಕಿಗೆ ನಾಲ್ಕು ತಿಂಗಳು ಇಟ್ಟದ್ದಕ್ಕೆ ಬಣ್ಣ ಹಾರಿ ಕುದುರೆ ಹಾಲುಬಿಳಿಯಾಗುತ್ತಾ ಬಂತು, ಮಚ್ಚೆ ಮಾತ್ರ ಉಳಿದು ಸಿಡುಬು ಬಂದ ಹಾಗೆ ಆಯಿತು. ಮುಚ್ಚಿಟ್ಟ ಹಾಳೆಯಲ್ಲಾದರೆ ನಿಲ್ಲುತ್ತಿತ್ತೇನೋ. ಈಗ ಇರುವ ರಖ್ಶ್ ಸಿಂಧೂರಕ್ಕೆ ಬಿಳಿ ಸಫೇದ ಬೆರೆಸಿದ್ದು.

ಲೆಕ್ಕ. ಕೇಸರಿ ಒಂಬತ್ತು, ಹತ್ತು ಗ್ರಾಂ, ನಾಲ್ಕು ಸಾವಿರದ ಆಸುಪಾಸು. ಚಿನ್ನ ಎಂಟು ಸಾವಿರ. ರಾಜಾವರ್ತ ಕಲ್ಲಿನ ನೀಲಿ ಹದಿನೈದು ಗ್ರಾಂಗೆ ಐದು ಸಾವಿರ, ಅದಕ್ಕೆ ಮೊದಲು ಒಬ್ಬ ವ್ಯಾಪಾರಿ ಬಣ್ಣ ಹಾಕಿದ ಸೀಮೆಸುಣ್ಣ ಕೊಟ್ಟು ಮೂರು ಸಾವಿರ ನುಂಗಿದ್ದ. ಬರಹ ಮತ್ತೆ ಆರು ಸಾವಿರ. ಕಾತಿಬ್ ಸಾಹೇಬರಿಗೆ ಹಳೇ ಹಾಳೆಯ ಕಥೆ ಹೇಳಿದಾಗ ನಕ್ಕು, ಈ ಸಲ ಜದ್ವಲ್ ನೀಲಿಯಲ್ಲಿ ಎಳಿ ಬೇಟಾ ಅಂದರು. ನಾನು ಹಟಕ್ಕೆ ಹಸಿರೇ ಎಳೆದೆ. ಕೆಲಸ ಐದು ತಿಂಗಳು, ಬೇರೆ ಕೆಲಸದ ನಡುವೆ. ಒಬ್ಬರು ಎಂಬತ್ತೈದು ಸಾವಿರಕ್ಕೆ ಕೇಳಿದರು, ಕೊಟ್ಟಿಲ್ಲ. ಮೂರು ಮಳೆಗಾಲ ನನ್ನ ಹತ್ತಿರವೇ ಇರಲಿ ಅಂತ ಇಟ್ಟುಕೊಂಡಿದ್ದೆ.

ಹೋದ ವಾರ ಮೇಷ್ಟ್ರು ಬಂದಿದ್ದರು. ಚಿತ್ರ ನೋಡಲಿಲ್ಲ. ನೇರ ತಿರುಗಿಸಿ, ಕನ್ನಡಕ ತೆಗೆದು, ಜದ್ವಲ್ ಇದ್ದ ಜಾಗದ ಬೆನ್ನಿನ ಮೇಲೆ ಹೆಬ್ಬೆರಳ ಉಗುರು ಎಳೆದರು. ಆಮೇಲೆ ಮುಂದಕ್ಕೆ ತಿರುಗಿಸಿ, "ಕುದುರೆ ಕಿವಿ ಸ್ವಲ್ಪ ದೊಡ್ಡದಾಯಿತು" ಅಂದು ಕಾಫಿ ಕೇಳಿದರು.

ಹಂಡೆಯ ಮೇಲಿನ ದಾರದಲ್ಲಿ ಇನ್ನೂ ನಾಲ್ಕು ಪಟ್ಟಿಗಳಿವೆ. ದೀಪಾವಳಿ ಎಣ್ಣೆಸ್ನಾನಕ್ಕೆ ಮುಂಚೆ ತೆಗೆಯಲೇಬೇಕು ಅಂತ ಮನೆಯಲ್ಲಿ ಅಪ್ಪಣೆಯಾಗಿದೆ.