ಬಿಪಿ ಇದೆಯಾ? ಕಿಡ್ನಿಯ ಸ್ಥಿತಿ ನೋಡಿಕೊಳ್ಳುವುದು ಹೀಗೆ

ಬಿಪಿ ಮಾತ್ರೆ ತಗೊಳ್ಳುವವರನ್ನು ಕಿಡ್ನಿ ಹೇಗಿದೆ ಅಂತ ಕೇಳಿ ನೋಡಿ. ‘ಕ್ರಿಯಾಟಿನಿನ್ ನಾರ್ಮಲ್ ಬಂದಿದೆ’ ಎಂದು ನಿರಾಳವಾಗಿ ಹೇಳುತ್ತಾರೆ. ಅದು ಅರ್ಧ ಉತ್ತರ. ಕ್ರಿಯಾಟಿನಿನ್ ಎಂದರೆ ಕಿಡ್ನಿ ಸೋಸಿ ಹೊರಹಾಕುವ ಕಸ. ರಕ್ತದಲ್ಲಿ ಅದು ಮಿತಿ ದಾಟುವ ಹೊತ್ತಿಗೆ ಕಿಡ್ನಿಯ ಸೋಸುವ ಶಕ್ತಿ ಅರ್ಧದಷ್ಟು ಹೋಗಿರಬಹುದು. ನೋವಿಲ್ಲ, ಉರಿಯಿಲ್ಲ, ಕಾಲು ಬಾವು ಕೂಡ ಇಲ್ಲ. ಆದರೆ ಮೂತ್ರದಲ್ಲಿ ಸುಳಿವು ಬಹಳ ಮೊದಲೇ ಸಿಗುತ್ತದೆ. ಅದನ್ನು ಹಿಡಿಯುವ ಪರೀಕ್ಷೆಯನ್ನು ಮಾತ್ರ ಹೆಚ್ಚಿನವರು ಮಾಡಿಸಿರುವುದಿಲ್ಲ.

ಮೊದಲು, ಒಳಗೆ ಏನು ನಡೆಯುತ್ತಿದೆ

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ಸಪೂರವಾದ ರಕ್ತನಾಳಗಳು ಸುತ್ತಿಕೊಂಡು ಉಂಡೆಯಾಗಿರುತ್ತವೆ. ರಕ್ತ ಸೋಸುವುದು ಅಲ್ಲೇ. ದಿನಕ್ಕೆ ಸುಮಾರು 180 ಲೀಟರ್ ಸೋಸಿ ಇಳಿಯುತ್ತದೆ. ಒಂದೂವರೆ, ಎರಡು ಲೀಟರ್ ಮೂತ್ರವಾಗುತ್ತದೆ, ಮಿಕ್ಕಿದ್ದೆಲ್ಲ ವಾಪಸ್ ರಕ್ತಕ್ಕೆ ಹೋಗುತ್ತದೆ.

ಬಿಪಿ ಜಾಸ್ತಿಯಾದರೆ ಈ ನಾಳಗಳಿಗೆ ಪೆಟ್ಟು ಬೀಳುತ್ತದೆ. ಇದು ಎಲ್ಲರಿಗೂ ಗೊತ್ತು. ಪೆಟ್ಟು ತಿಂದ ಜೀವಕೋಶಗಳು ಸುಮ್ಮನೆ ಕೂರುವುದಿಲ್ಲ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಅವು ಸೈಟೊಕೈನ್ ಎಂಬ ಚಿಕ್ಕ ಚಿಕ್ಕ ಪ್ರೋಟೀನ್‌ಗಳನ್ನು ಹೊರಬಿಡುತ್ತವೆ. ಮನೆಗೆ ಬೆಂಕಿ ಬಿತ್ತೆಂದು ಬೀದಿಗೆ ಬಂದು ಕೂಗಿದ ಹಾಗೆ. ಎಂಸಿಪಿ-1 ಎಂಬ ಪ್ರೋಟೀನ್ ಬಿಳಿ ರಕ್ತಕಣಗಳನ್ನು ಕಿಡ್ನಿಯೊಳಗೆ ಎಳೆದು ತರುತ್ತದೆ. ಬಂದ ಕಣಗಳು ಟಿಎನ್‌ಎಫ್, ಐಎಲ್-6 ಮುಂತಾದ ಬೇರೆ ಸೈಟೊಕೈನ್‌ಗಳನ್ನು ಹೊರಬಿಟ್ಟು ಉರಿಯೂತ ಹೆಚ್ಚಿಸುತ್ತವೆ. ಕೊನೆಗೆ ರಿಪೇರಿ ಕೆಲಸ ಟಿಜಿಎಫ್-ಬೀಟಾ ಎಂಬ ಇನ್ನೊಂದು ಸೈಟೊಕೈನ್ ಕೈಗೆ ಬರುತ್ತದೆ. ಅದು ಮಾಡುವ ರಿಪೇರಿ ಎಂದರೆ ಗಾಯದ ಕಲೆ ಕಟ್ಟುವುದು. ಕಲೆ ಕಟ್ಟಿದ ಜಾಗ ಮತ್ತೆ ರಕ್ತ ಸೋಸುವುದಿಲ್ಲ.

ಇದರಲ್ಲಿ ಐಎಲ್-17 ಎಂಬುದು ಇನ್ನೂ ಕಿಲಾಡಿ. ಮೂತ್ರದಲ್ಲಿ ಹೋಗಬೇಕಾದ ಉಪ್ಪನ್ನು ಕಿಡ್ನಿ ಹಿಡಿದಿಟ್ಟುಕೊಳ್ಳುವಂತೆ ಅದು ಮಾಡುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಉಪ್ಪು ಉಳಿದರೆ ನೀರೂ ಉಳಿಯುತ್ತದೆ, ಬಿಪಿ ಇನ್ನೂ ಏರುತ್ತದೆ. ಅಂದರೆ ಬಿಪಿಯಿಂದ ಉರಿಯೂತ, ಉರಿಯೂತದಿಂದ ಬಿಪಿ.

ಇದು ನಿನ್ನೆ ಮೊನ್ನೆಯ ಊಹೆಯಲ್ಲ. 1964ರಲ್ಲೇ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಕೊಟ್ಟಾಗ ಇಲಿಗಳ ಬಿಪಿ ಇಳಿದದ್ದನ್ನು ಗಮನಿಸಿದ್ದರು. ಆಗ ಯಾರೂ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ. 2007ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ತಂಡ ಟಿ ಮತ್ತು ಬಿ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳೇ ಇಲ್ಲದ ಇಲಿಗಳಿಗೆ ಬಿಪಿ ಏರಿಸುವ ಆಂಜಿಯೊಟೆನ್ಸಿನ್ ಕೊಟ್ಟಿತು. ಬಿಪಿ ಅಷ್ಟಾಗಿ ಏರಲಿಲ್ಲ. ಟಿ ಕಣಗಳನ್ನು ವಾಪಸ್ ಕೊಟ್ಟರು, ಏರಿತು. ಬಿ ಕಣಗಳನ್ನು ಕೊಟ್ಟರೆ ಏರಲಿಲ್ಲ. ಕ್ಷೇತ್ರದ ದಿಕ್ಕನ್ನೇ ಬದಲಿಸಿದ ಪ್ರಯೋಗ ಅದು.

‘ಹಾಗಾದರೆ ಸೈಟೊಕೈನ್ ತಡೆಯುವ ಇಂಜೆಕ್ಷನ್ ಕೊಟ್ಟುಬಿಡಬಹುದಲ್ವಾ?’ ಕೇಳಬೇಕಾದ ಪ್ರಶ್ನೆಯೇ. ಹೃದಯಾಘಾತ ಆದವರಿಗೆ ಐಎಲ್-1 ಬೀಟಾ ಎಂಬ ಸೈಟೊಕೈನನ್ನು ತಡೆಯುವ ಔಷಧಿ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2017ರಲ್ಲಿ ಹೊರಬಂತು. 10,000ಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಮತ್ತೆ ಹೃದಯಾಘಾತ ಆಗುವುದು ಸ್ವಲ್ಪ ಕಡಿಮೆಯಾಯಿತು. ಬಿಪಿ ಮಾತ್ರ ಇಳಿಯಲಿಲ್ಲ. ಮೇಲಾಗಿ ಸೋಂಕಿನಿಂದ ಸತ್ತವರು ಜಾಸ್ತಿಯಾದರು. ಕೂಗುವವರ ಬಾಯಿ ಮುಚ್ಚಿಸಿದರೆ ನಿಜವಾದ ಬೆಂಕಿಗೂ ಯಾರೂ ಬರುವುದಿಲ್ಲ ನೋಡಿ. ಹಾಗಾಗಿ ಬಿಪಿಯಿಂದ ಸೊರಗಿದ ಕಿಡ್ನಿಗೆ ಅಂಥ ಇಂಜೆಕ್ಷನ್ ಇವತ್ತು ಯಾರೂ ಕೊಡುವುದಿಲ್ಲ. ‘ಉರಿಯೂತದ ಪ್ಯಾಕೇಜ್’ ಎಂದು ಐಎಲ್-6 ಪರೀಕ್ಷೆ ಸೇರಿಸಿ ಮಾರುವವರಿಗೆ ದುಡ್ಡು ಕೊಡಬೇಡಿ. ಆ ಅಂಕಿ ನೋಡಿ ನಿಮ್ಮ ಮಾತ್ರೆ ಬದಲಾಗುವುದಿಲ್ಲ. ಮಾಡಬೇಕಾದ್ದು ಬೇರೆ ಇದೆ.

ಹಂತ 1: ಬಿಪಿಯನ್ನು ಸರಿಯಾಗಿ ಅಳೆಯಿರಿ

ಮೂತ್ರಕ್ಕೆ ಹೋಗಿ ಬನ್ನಿ. ಕಾಫಿ ಕುಡಿದು ಅರ್ಧ ಗಂಟೆ ಆಗಿರಲಿ. ಬೆನ್ನು ಒರಗಿಸಿ, ಪಾದ ನೆಲಕ್ಕಿಟ್ಟು ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಪಟ್ಟಿ ಎದೆಯ ಮಟ್ಟದಲ್ಲಿರಲಿ, ಅಂಗಿಯ ತೋಳಿನ ಮೇಲೆ ಕಟ್ಟಬೇಡಿ. ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದಿಡಿ. ಮನೆಯಲ್ಲಿ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಬರುತ್ತಿದ್ದರೆ ಅದು ಬಿಪಿಯೇ. ಯಂತ್ರ ಇಲ್ಲದವರು ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಉಚಿತವಾಗಿ ನೋಡಿಸಬಹುದು.

ಹಂತ 2: ಮೂತ್ರದ ಎಸಿಆರ್ ಕೇಳಿ ಮಾಡಿಸಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಲ್ಯಾಬಿನಲ್ಲಿ ಸುಮ್ನೆ ‘ಯೂರಿನ್ ಟೆಸ್ಟ್’ ಎಂದರೆ ಪಟ್ಟಿ ಅದ್ದಿ ‘ಪ್ರೋಟೀನ್ ನಿಲ್’ ಎಂದು ಬರೆದುಕೊಡುತ್ತಾರೆ. ಪೆಟ್ಟು ತಿಂದ ಕಿಡ್ನಿಯಿಂದ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಸಣ್ಣ ಸೋರಿಕೆ ಆ ಪಟ್ಟಿಗೆ ಸಿಗುವುದಿಲ್ಲ. ‘ಆಲ್ಬುಮಿನ್ ಕ್ರಿಯಾಟಿನಿನ್ ರೇಶಿಯೊ’ (ಎಸಿಆರ್) ಎಂದೇ ಕೇಳಿ. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು. ಜ್ವರ, ಉರಿಮೂತ್ರ, ಮುಟ್ಟು ಇದ್ದಾಗ ಬೇಡ. ಹಿಂದಿನ ದಿನ ಮೈಮುರಿಯುವ ವ್ಯಾಯಾಮ ಮಾಡಿದ್ದರೂ ಬೇಡ. ಆಗ ಅಂಕಿ ಸುಳ್ಳೇ ಏರುತ್ತದೆ.

ರಿಪೋರ್ಟ್ ಹೀಗೆ ಓದಿ. ಮೂತ್ರದ ಆಲ್ಬುಮಿನ್ ಲೀಟರಿಗೆ 45 ಮಿಲಿಗ್ರಾಂ, ಮೂತ್ರದ ಕ್ರಿಯಾಟಿನಿನ್ ಡೆಸಿಲೀಟರಿಗೆ 90 ಮಿಲಿಗ್ರಾಂ ಎಂದಿದೆ ಅಂದುಕೊಳ್ಳಿ. 90 ಮಿಲಿಗ್ರಾಂ ಎಂದರೆ ಲೀಟರಿಗೆ 0.9 ಗ್ರಾಂ. 45ನ್ನು 0.9ರಿಂದ ಭಾಗಿಸಿದರೆ 50. ಇದೇ ನಿಮ್ಮ ಎಸಿಆರ್. 30ಕ್ಕಿಂತ ಕಡಿಮೆ ಇದ್ದರೆ ಸರಿ. 30ರಿಂದ 300ರೊಳಗೆ ಇದ್ದರೆ ಸೋರಿಕೆ ಶುರುವಾಗಿದೆ. 300 ದಾಟಿದರೆ ಗಂಭೀರ. ಒಂದೇ ಸಲದ 50 ನೋಡಿ ಹೆದರಬೇಡಿ. ಮೂರು ತಿಂಗಳೊಳಗೆ ಮತ್ತೆ ಮಾಡಿಸಿ, ಮೂರರಲ್ಲಿ ಎರಡು ಸಲ ಜಾಸ್ತಿ ಬಂದರೆ ಖಾತ್ರಿ.

ಸೋರುವ ಆಲ್ಬುಮಿನ್ ಬರೀ ಸೂಚನೆಯಲ್ಲ. ನೆಫ್ರಾನಿನ ಕೊಳವೆಯೊಳಗೆ ಇಳಿದ ಪ್ರೋಟೀನ್ ಅಲ್ಲಿನ ಕೋಶಗಳನ್ನು ಕೆಣಕುತ್ತದೆ. ಅವು ಮತ್ತೆ ಎಂಸಿಪಿ-1 ಬಿಡುತ್ತವೆ. ಸೋರಿಕೆ ತಗ್ಗಿಸುವುದೇ ಒಂದು ಚಿಕಿತ್ಸೆ ಎನ್ನುವುದು ಇದಕ್ಕೇ.

ಜೊತೆಗೆ ರಕ್ತದ ಕ್ರಿಯಾಟಿನಿನ್ ಮಾಡಿಸಿ, ಇಜಿಎಫ್‌ಆರ್ (ಕಿಡ್ನಿಯ ಸೋಸುವ ಶಕ್ತಿಯ ಅಂದಾಜು) ಎಷ್ಟೆಂದು ನೋಡಿ. 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ಅದು ಕಿಡ್ನಿ ಕಾಯಿಲೆ. ಬಿಪಿ ಇರುವವರು ವರ್ಷಕ್ಕೊಮ್ಮೆಯಾದರೂ ಎರಡನ್ನೂ ಮಾಡಿಸಿ.

ಹಂತ 3: ಉಪ್ಪಿನ ಪ್ಯಾಕೆಟ್ ಮೇಲೆ ತಾರೀಕು ಬರೆಯಿರಿ

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ. ಗ್ರಾಂ ಲೆಕ್ಕ ಯಾರ ಮನೆಯಲ್ಲೂ ನಡೆಯುವುದಿಲ್ಲ. ಪ್ಯಾಕೆಟ್ ಒಡೆದ ದಿನ ಪೆನ್ನಿನಲ್ಲಿ ತಾರೀಕು ಬರೆಯಿರಿ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಸಾಕು. ಕಿಲೋ ಪ್ಯಾಕೆಟ್ ತಿಂಗಳಲ್ಲೇ ಖಾಲಿಯಾದರೆ ತಲೆಗೆ ದಿನಕ್ಕೆ 8 ಗ್ರಾಂ ದಾಟಿತು. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಇದಕ್ಕೆ ಸೇರಿಲ್ಲ.

2013ರಲ್ಲಿ ಎರಡು ಸಂಶೋಧನಾ ತಂಡಗಳು ಇನ್ನೊಂದು ವಿಷಯ ಕಂಡುಕೊಂಡವು. ಪ್ರಯೋಗಾಲಯದ ತಟ್ಟೆಯಲ್ಲೂ ಇಲಿಗಳಲ್ಲೂ ಉಪ್ಪು ಜಾಸ್ತಿಯಾದಾಗ ಐಎಲ್-17 ತಯಾರಿಸುವ ಟಿ ಕಣಗಳು ಹೆಚ್ಚಿದವು. ಅಂದರೆ ಉಪ್ಪು ನೀರು ತುಂಬಿಸಿ ಬಿಪಿ ಏರಿಸುವುದಷ್ಟೇ ಅಲ್ಲ, ಉರಿಯೂತಕ್ಕೂ ಕುಮ್ಮಕ್ಕು ಕೊಡಬಹುದು. ಒಂದು ಎಚ್ಚರಿಕೆ: ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ. ಕಿಡ್ನಿ ಸೊರಗಿದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಹಂತ 4: ಮಾತ್ರೆಗಳ ಡಬ್ಬಿ ತೆಗೆದು ನೋಡಿ

ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್, ಇವುಗಳಲ್ಲಿ ಒಂದು ಇದೆಯಾ? ಇವು ಆಂಜಿಯೊಟೆನ್ಸಿನ್ ಕೆಲಸಕ್ಕೆ ಅಡ್ಡಗಾಲು ಹಾಕುತ್ತವೆ. ಆಂಜಿಯೊಟೆನ್ಸಿನ್ ನಾಳಗಳನ್ನು ಬಿಗಿಯುವುದರ ಜೊತೆಗೆ ಕಿಡ್ನಿಯ ಕೋಶಗಳಿಂದ ಸೈಟೊಕೈನ್ ಬಿಡಿಸುವ ಕೆಲಸವನ್ನೂ ಮಾಡುತ್ತದೆ. ಹಾಗಾಗಿ ಎಸಿಆರ್ ಜಾಸ್ತಿ ಇರುವವರಿಗೆ ಈ ಮಾತ್ರೆಗಳೇ ಮೊದಲ ಆಯ್ಕೆ. ನಿಮ್ಮ ಡಬ್ಬಿಯಲ್ಲಿ ಇಲ್ಲದಿದ್ದರೆ ಡಾಕ್ಟರನ್ನು ಕೇಳಿ, ನೀವೇ ಶುರು ಮಾಡಬೇಡಿ. ಎರಡು ಗುಂಪಿನದ್ದನ್ನು, ಅಂದರೆ ‘ಸಾರ್ಟನ್’ ಮತ್ತು ‘ಪ್ರಿಲ್’ ಒಟ್ಟಿಗೆ ತಗೊಳ್ಳುವಂತಿಲ್ಲ. ಗರ್ಭಿಣಿಯರಿಗೂ ಇವು ಕೂಡದು.

ಅದೇ ಡಬ್ಬಿಯಲ್ಲಿ ಮಂಡಿನೋವಿಗೆಂದು ಮೆಡಿಕಲ್ ಶಾಪ್‌ನಿಂದ ತಂದ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಇದೆಯಾ? ‘ಊತ ಇಳಿಸುವ ಮಾತ್ರೆ ತಾನೆ, ಕಿಡ್ನಿಯ ಉರಿಯೂತಕ್ಕೂ ಒಳ್ಳೆಯದಲ್ವಾ’ ಅಂತ ಅನಿಸಬಹುದು. ಉಲ್ಟಾ. ಕಿಡ್ನಿಗೆ ರಕ್ತ ತರುವ ನಾಳ ತೆರೆದಿರಲು ಬೇಕಾದ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನೇ ಇವು ತಡೆಯುತ್ತವೆ. ರಕ್ತ ಕಡಿಮೆಯಾಗುತ್ತದೆ, ಬಿಪಿಯೂ ಏರುತ್ತದೆ. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಇದರ ಮೇಲೆ ನೋವಿನ ಮಾತ್ರೆ, ಮೂರೂ ಸೇರಿದರೆ ಕೆಲವೇ ದಿನಗಳಲ್ಲಿ ಕಿಡ್ನಿ ಕೈಕೊಡಬಹುದು.

ಹಂತ 5: ಮಾತ್ರೆ ಶುರುವಾದ ಮೇಲೆ

ಸಾರ್ಟನ್ ಅಥವಾ ಪ್ರಿಲ್ ಹೊಸದಾಗಿ ಕೊಟ್ಟಿದ್ದರೆ ಎರಡರಿಂದ ನಾಲ್ಕು ವಾರದೊಳಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಶಿಯಂ ನೋಡಿಸಿ. ಕ್ರಿಯಾಟಿನಿನ್ ತುಸು ಏರುತ್ತದೆ, ಹೆದರಿ ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಮೊದಲಿದ್ದದ್ದಕ್ಕಿಂತ ಶೇ 30ರವರೆಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಸುತ್ತಾರೆ. ವಾಂತಿ, ಭೇದಿ ಹಿಡಿದ ದಿನ ಮಾತ್ರ ಡಾಕ್ಟರಿಗೆ ಫೋನ್ ಮಾಡಿ, ತಾತ್ಕಾಲಿಕವಾಗಿ ನಿಲ್ಲಿಸಲು ಹೇಳಬಹುದು. ಎಸಿಆರ್ 300 ದಾಟಿದ್ದರೆ, ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ ಕಿಡ್ನಿ ತಜ್ಞರ ಹತ್ತಿರವೇ ಹೋಗಿ. ಹೋಗುವಾಗ ಹಳೆಯ ರಿಪೋರ್ಟ್‌ಗಳನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಇವತ್ತಿನ ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ವರ್ಷದಿಂದ ವರ್ಷಕ್ಕೆ ಎಷ್ಟು ಇಳಿದಿದೆ ಅನ್ನುವುದನ್ನೇ ಅವರು ಮೊದಲು ಹುಡುಕುವುದು.