‘ಸೆಟ್’ ಪದವನ್ನು ಪಳಗಿಸುವುದು ಹೇಗೆ?

ಬೆಳಿಗ್ಗೆ ದರ್ಶಿನಿಯಲ್ಲಿ ಸೆಟ್ ದೋಸೆ. ಮನೆ ಕಟ್ಟಿಸುತ್ತಿದ್ದರೆ ಸುತ್ತ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್, ಎಷ್ಟು ಬಿಡಬೇಕು ಅನ್ನೋ ಚಿಂತೆ. ಮಗಳಿಗೆ ಒಳ್ಳೆ ಕೆಲಸ ಸಿಕ್ಕಿದರೆ ‘ಲೈಫ್ ಸೆಟ್ ಆಯ್ತು’. ಬೆಂಗಳೂರಿನಲ್ಲಿ ಇಂಗ್ಲಿಷ್ ಬಾರದವರ ಬಾಯಲ್ಲೂ ಈ ಪದ ಓಡಾಡುತ್ತದೆ. ಆದರೆ ಇಂಗ್ಲಿಷ್ ಪುಟದಲ್ಲಿ ಅದೇ ಪದ ಎದುರಾದರೆ ತಡವರಿಸುತ್ತೇವೆ. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಮಹಾನಿಘಂಟಿನ ಎರಡನೇ ಆವೃತ್ತಿಯಲ್ಲಿ ಈ ಕ್ರಿಯಾಪದ ಒಂದಕ್ಕೇ ಸುಮಾರು 430 ಅರ್ಥಗಳಿದ್ದವು.

ಅಷ್ಟನ್ನೂ ಬಾಯಿಪಾಠ ಮಾಡಬೇಡಿ. ಹೀಗೆ ಮಾಡಿ.

1. ಹಾಳೆಯ ನಡುವೆ ಗೆರೆ ಎಳೆಯಿರಿ

ಎಡಕ್ಕೆ ‘ಕೂರಿಸು’ ಅಂತ ಬರೆಯಿರಿ, ಬಲಕ್ಕೆ ‘ಗುಂಪು’ ಅಂತ. ಮೂಲದಲ್ಲಿ ಇವು ಎರಡು ಬೇರೆ ಪದಗಳು. ಗುಂಪು ಅನ್ನುವ ಅರ್ಥದ ಸೆಟ್ ಹಳೇ ಫ್ರೆಂಚ್‌ನಿಂದ ಬಂದದ್ದು. ಕ್ರಿಯಾಪದದ ಸೆಟ್ ‘ಸಿಟ್’ ಪದದ ಒಡಹುಟ್ಟು. ನಮ್ಮಲ್ಲಿ ಕೂರು, ಕೂರಿಸು ಇದ್ದ ಹಾಗೆ ಅವರಲ್ಲಿ ಸಿಟ್, ಸೆಟ್.

ಬಲಗಡೆ ಬೇಗ ತುಂಬುತ್ತದೆ. ಸೆಟ್ ದೋಸೆ, ಟೀ ಸೆಟ್, ಮುತ್ತಿನ ಸೆಟ್, ಗಣಿತದ ‘ಗಣ’.

2. ಎಡಗಡೆಯ ಪ್ರತಿ ವಾಕ್ಯಕ್ಕೂ ‘ಕೂರಿಸು’ ಹಾಕಿ ನೋಡಿ

ಇಲ್ಲೇ ಜಾಸ್ತಿ ಹೊತ್ತು ಕಳೆಯಿರಿ. ನಗರ್ತಪೇಟೆಯಲ್ಲಿ ಉಂಗುರ ಮಾಡಿಸುವಾಗ ಅಕ್ಕಸಾಲಿಗರು ಏನು ಹೇಳುತ್ತಾರೆ? ‘ಹರಳು ಕೂರಿಸಿ ಕೊಡ್ತೀನಿ.’ ಚಿಮಟದಲ್ಲಿ ಹರಳನ್ನು ಎತ್ತಿ, ಗುಂಡಿಯೊಳಗೆ ಇಟ್ಟು, ಸುತ್ತಲಿನ ಚಿನ್ನದ ಅಂಚನ್ನು ಮೆಲ್ಲಗೆ ಒತ್ತುತ್ತಾರೆ. ಆ ಕೆಲಸಕ್ಕೆ ಇಂಗ್ಲಿಷಿನಲ್ಲೂ ಸೆಟ್ ಅಂತಲೇ ಹೆಸರು. ಜರುಗಿದ ಮೂಳೆ ಕೂರಿಸುವುದೂ ಸೆಟ್. ಬೀದಿಯಲ್ಲಿ ಗಣೇಶನನ್ನು ಕೂರಿಸುತ್ತೇವೆ, ದಸರೆಗೆ ಗೊಂಬೆ ಕೂರಿಸುತ್ತೇವೆ. ಸುಮ್ನೆ ಇಡುವುದಲ್ಲ, ಇರಬೇಕಾದ ಜಾಗದಲ್ಲಿ ಅಲುಗದಂತೆ ಇಡುವುದು. ಸೆಟ್ ಪದದ ಜೀವವೇ ಅದು.

ಈಗ ಅಲಾರಂ ಸೆಟ್ ಮಾಡುವುದನ್ನು ನೋಡಿ. ಮುಳ್ಳನ್ನು ಐದಕ್ಕೆ ಕೂರಿಸುತ್ತೀರಿ. ಮೊಸರು ಸೆಟ್ ಆದರೆ ಹಾಲು ಗಟ್ಟಿಯಾಗಿ ಕೂತಿತು. ಸಿಮೆಂಟೂ ಹಾಗೇ. ಊಟದ ಟೇಬಲ್ ಸೆಟ್ ಮಾಡುವುದಕ್ಕೆ ಮಾತ್ರ ನಮ್ಮದೇ ಮಾತು ಚೆಂದ: ಎಲೆ ಹಾಕುವುದು.

3. ಬಾಲದ ಪದವನ್ನು ಬಿಡಿಸಬೇಡಿ

ಸೆಟ್ ಆಫ್, ಸೆಟ್ ಇನ್, ಸೆಟ್ ಅಪ್. ಇವನ್ನು ಜೋಡಿಯಾಗಿಯೇ ಕಲಿಯಬೇಕು. ಸೆಟ್ ಆಫ್ ಅಂದರೆ ಹೊರಡು, ಪಟಾಕಿಯ ಮಾತಾದರೆ ಸಿಡಿಸು. ಮಳೆ ‘ಸೆಟ್ ಇನ್’ ಆಯಿತು ಅಂದರೆ ಮಳೆ ಹಿಡಿದುಕೊಂಡಿತು.

‘ಸೆಟ್ ಅಸೈಡ್’ ವಿಷಯದಲ್ಲಿ ಬಹಳ ಹುಷಾರಾಗಿರಿ. ಅಡುಗೆಯಲ್ಲಿ ಅದು ಪಕ್ಕಕ್ಕೆ ಎತ್ತಿಡುವುದು, ದುಡ್ಡಿನ ಮಾತಲ್ಲಿ ತೆಗೆದಿಡುವುದು. ಕೋರ್ಟಿನಲ್ಲಿ ಮಾತ್ರ ರದ್ದು ಮಾಡುವುದು. ನಮ್ಮ ದೊಡ್ಡಪ್ಪನ ಸೈಟಿನ ಕೇಸಿನಲ್ಲಿ ಅವರಿಗೆ ವಿರುದ್ಧವಾಗಿದ್ದ ಹಳೇ ಆದೇಶ ‘ಸೆಟ್ ಅಸೈಡ್’ ಆಗಿತ್ತು. ‘ಎತ್ತಿಟ್ಟಿದ್ದಾರೆ ಕಣಮ್ಮಾ, ಯಾವಾಗ ಬೇಕಾದರೂ ಮತ್ತೆ ತೆಗೀತಾರೆ’ ಅಂತ ದೊಡ್ಡಪ್ಪ ಒಂದು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಆ ಎರಡು ಪದದ ಅರ್ಥ ಬಿಡಿಸಿ ಹೇಳಿದಾಗ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

4. ಭೂತಕಾಲದಲ್ಲೂ ಸೆಟ್ಟೇ

‘ಸೆಟೆಡ್’ ಅನ್ನುವ ರೂಪ ಇಲ್ಲ. ಇಂದಿಗೂ ಸೆಟ್, ನಿನ್ನೆಗೂ ಸೆಟ್. ಕಾಲ ಯಾವುದು ಅಂತ ಪಕ್ಕದ ಪದಗಳೇ ಹೇಳುತ್ತವೆ.

5. ನಮ್ಮ ಸೆಟ್ಟನ್ನು ಇಂಗ್ಲಿಷಿಗೆ ಒಯ್ಯಬೇಡಿ

‘ಈ ಕೆಲಸ ನನಗೆ ಸೆಟ್ ಆಗಲ್ಲ’ ಅನ್ನುವುದು ಅಚ್ಚ ಬೆಂಗಳೂರು ಕನ್ನಡ, ಕೇಳೋಕೂ ಚೆಂದ. ಆದರೆ ಇಂಟರ್‌ವ್ಯೂನಲ್ಲಿ ಇಂಗ್ಲಿಷಿನಲ್ಲಿ ಹೇಳುವಾಗ ಅಲ್ಲಿಗೆ ಬೇಕಾದದ್ದು ‘ಸೂಟ್’.

ನಾಳೆ ಇಂಗ್ಲಿಷ್ ಪೇಪರಿನ ಒಂದು ಪುಟ ತೆಗೆದು, ಸೆಟ್ ಇರುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಒಂದೊಂದನ್ನೂ ಗೆರೆಯ ಯಾವ ಕಡೆಗೆ ಬರೆಯಬೇಕು ಅಂತ ಮನೆಯವರನ್ನೂ ಕೇಳಿ.